ಮಗಳ ಆಟ ಮಂಗಳೂರಲ್ಲಿ, ಮಗನ ಓಟ ಉಡುಪಿಯಲ್ಲಿ: ರೂಮು ಎಲ್ಲಿ ಮಾಡಲಿ?

ಕೇಳಿದವರು, ಚಿತ್ರದುರ್ಗ:

ಎಲ್ಲರಿಗೂ ನಮಸ್ಕಾರ. ಜನವರಿ ಮೂರನೇ ವಾರ ರಾಜ್ಯ ಮಟ್ಟದ ಕ್ರೀಡಾಕೂಟ ಇದೆ. ಮಗಳ ಬ್ಯಾಡ್ಮಿಂಟನ್ ಮಂಗಳೂರಿನ ಉರ್ವ ಒಳಾಂಗಣ ಕ್ರೀಡಾಂಗಣದಲ್ಲಿ. ಮಗನ ಓಟ ಉಡುಪಿಯ ಅಜ್ಜರಕಾಡಿನಲ್ಲಿ. ಎರಡೂ ಒಂದೇ ವಾರ. ಮನೆಯಿಂದ ಬರುವವಳು ನಾನೊಬ್ಬಳೇ, ಸ್ವಂತ ಗಾಡಿ ಇಲ್ಲ. ಮಧ್ಯದಲ್ಲಿ ಮೂಲ್ಕಿಯಲ್ಲೋ ಪಡುಬಿದ್ರಿಯಲ್ಲೋ ರೂಮು ಮಾಡಿದರೆ ಎರಡೂ ಕಡೆ ಓಡಾಡಬಹುದು ಅನ್ನಿಸಿದೆ. ಸರಿಯಾ? ರಾತ್ರಿ ಎಷ್ಟು ಹೊತ್ತಿನವರೆಗೆ ಬಸ್ಸು ಸಿಗುತ್ತದೆ? ಕೂಟದ ದಿನಗಳಲ್ಲಿ ಊರು ಹೇಗಿರುತ್ತದೆ? ನೋಡಿದವರು ದಯವಿಟ್ಟು ಹೇಳಿ.

ಕೊಟ್ಟಾರ ಚೌಕಿಯಿಂದ:

ಮಧ್ಯದ ಊರು ಬೇಡ ಅಕ್ಕ. ಮ್ಯಾಪಿನಲ್ಲಿ ನೋಡಿದರೆ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಮಂಗಳೂರಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್, ಎಕ್ಸ್‌ಪ್ರೆಸ್ ಬಸ್ಸಿಗೆ ಒಂದೂವರೆ ಗಂಟೆ ಹಿಡಿಯಿರಿ. ಬಸ್ಸಿಗೇನೂ ಬರ ಇಲ್ಲ, ಹಗಲು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಆದರೆ ಅವು ಒಂದೋ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ, ಇಲ್ಲವೇ ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ತುಂಬಿಕೊಂಡೇ ಹೊರಡುವುದು. ಮೂಲ್ಕಿಯಲ್ಲಿ ಹತ್ತಿದವರಿಗೆ ಕಂಬಿಯೇ ಗತಿ. ಸಂಜೆ ಕಾಲೇಜು ಮಕ್ಕಳೂ ಆಫೀಸಿನವರೂ ಸೇರಿದ ಮೇಲೆ ರಾಕೆಟ್ ಚೀಲ ಹಿಡಿದುಕೊಂಡು ನಿಲ್ಲುವುದು ಎಂಥ ಅವಸ್ಥೆ ಎಂದು ಯೋಚನೆ ಮಾಡಿ.

ಇನ್ನೊಂದು ಕೂಳೂರು ಸೇತುವೆ. ನಮ್ಮಲ್ಲಿ ಕಿಲೋಮೀಟರ್ ಲೆಕ್ಕ ಹಾಕಬಾರದು, ಸೇತುವೆಯ ಯಾವ ಬದಿಯಲ್ಲಿ ಮಲಗುತ್ತೀರಿ ಎಂದು ನೋಡಬೇಕು. ಪಣಂಬೂರು ಬಂದರಿನ ಲಾರಿ, ಎಂಆರ್‌ಪಿಎಲ್ ಟ್ಯಾಂಕರ್, ಉಡುಪಿ ಬಸ್ಸು, ಶಾಲೆ ವ್ಯಾನು ಎಲ್ಲವೂ ಅದರ ಮೇಲೇ ಹೋಗಬೇಕು. ಅಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಸಾಕು, ಬೈಕಂಪಾಡಿವರೆಗೆ ಬ್ಲಾಕ್. ಒಂಬತ್ತಕ್ಕೆ ಮಗಳ ಮ್ಯಾಚ್ ಇಟ್ಟುಕೊಂಡು ಮೂಲ್ಕಿಯಿಂದ ದಿನಾ ಅದನ್ನು ದಾಟುವ ತಲೆಬಿಸಿ ಯಾಕೆ?

ಲಾಲ್‌ಬಾಗ್, ಬಿಜೈ, ಕೊಟ್ಟಾರ, ಈ ಮೂರರಲ್ಲಿ ಎಲ್ಲಾದರೂ ರೂಮು ನೋಡಿ. ಲೇಡಿಹಿಲ್‌ನಲ್ಲಿ ಇಳಿದರೆ ಉರ್ವ ಮಾರ್ಕೆಟ್ ನಡೆಯುವಷ್ಟೇ ದೂರ. ಉಡುಪಿ ಬಸ್ಸುಗಳೂ ಇದೇ ದಾರಿಯಲ್ಲಿ ಹೋಗುತ್ತವೆ. ಲೇಡಿಹಿಲ್ ಸರ್ಕಲ್‌ಗೆ ಈಗ ನಾರಾಯಣ ಗುರುಗಳ ಹೆಸರು ಇಟ್ಟಿದ್ದಾರೆ, ಕಂಡಕ್ಟರ್ ಮಾತ್ರ ಲೇಡಿಹಿಲ್ ಎಂದೇ ಕೂಗುತ್ತಾನೆ. ಗೊಂದಲ ಮಾಡಿಕೊಳ್ಳಬೇಡಿ.

ಸುರತ್ಕಲ್‌ನಿಂದ:

ಸುರತ್ಕಲ್ ಆದರೂ ತೊಂದರೆ ಇಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲಿಂದ ಸ್ಟೇಟ್ ಬ್ಯಾಂಕಿಗೆ ಸಿಟಿ ಬಸ್ಸೇ ಬೇಕಾದಷ್ಟು ಉಂಟು, ಎಕ್ಸ್‌ಪ್ರೆಸ್ ಕಾಯಬೇಕಾಗಿಲ್ಲ. ರೂಮು ಬಾಡಿಗೆಯೂ ಪೇಟೆಗಿಂತ ಕಡಿಮೆ. ಕೂಳೂರಿನ ವಿಷಯ ನಿಜ. ಏಳು ಗಂಟೆಗೆ ಮೊದಲೇ ದಾಟಿಬಿಟ್ಟರೆ ಆಯಿತು.

ಕಾಪುವಿನಿಂದ, ಓಟಗಾರ್ತಿಯ ಅಪ್ಪ:

ಬಸ್ಸಿಗಿಂತ ಮೊದಲು ಎರಡೂ ಆಟದ ಹೊತ್ತು ನೋಡಿ ತಂಗಿ. ಅಥ್ಲೆಟಿಕ್ಸ್ ಬೆಳಗ್ಗೆ ಬೇಗ ಶುರು. ಕರಾವಳಿಯ ಬಿಸಿಲಿಗೆ ಹೆದರಿ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ ಎಲ್ಲ ಆದಷ್ಟು ಬೇಗ ಮುಗಿಸುತ್ತಾರೆ. ಓಟಕ್ಕೆ ಮೊದಲೇ ಹೆಸರು ಕೊಡಬೇಕು, ಮೈ ಬಿಸಿ ಮಾಡಿಕೊಳ್ಳಬೇಕು. ಅಂದರೆ ಆರೂವರೆಗೆಲ್ಲ ಹುಡುಗ ಮೈದಾನದಲ್ಲಿರಬೇಕು. ಬ್ಯಾಡ್ಮಿಂಟನ್ ಪೂರ್ತಿ ಉಲ್ಟಾ. ಮೊದಲ ಮ್ಯಾಚಿಗೆ ಮಾತ್ರ ಗಂಟೆ ಹಾಕುತ್ತಾರೆ, ಆಮೇಲೆ ಒಂದು ಮುಗಿದ ಮೇಲೆ ಒಂದು. ನಿಮಗಿಂತ ಮೊದಲಿನವರದ್ದು ಮೂರು ಗೇಮಿಗೆ ಹೋದರೆ ನಿಮ್ಮ ಸರದಿ ಬರುವಾಗ ರಾತ್ರಿ. ಒಬ್ಬನಿಗೆ ಬೆಳಗ್ಗಿನ ಬಸ್ಸು ಬೇಕು, ಒಬ್ಬಳಿಗೆ ರಾತ್ರಿಯದು. ಒಂದೇ ರೂಮಿನಿಂದ ಎರಡನ್ನೂ ಸುಧಾರಿಸಲು ಆಗುವುದಿಲ್ಲ.

ಮಗನನ್ನು ಜಿಲ್ಲಾ ತಂಡದ ಜೊತೆಗೇ ಬಿಡಿ. ತಂಡಕ್ಕೆ ಉಳಿಯುವ ವ್ಯವಸ್ಥೆ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಕೋಚ್ ಹತ್ತಿರ ಈಗಲೇ ಖಚಿತ ಮಾಡಿಕೊಳ್ಳಿ. ನೀವು ಮಗಳ ಜೊತೆ ಮಂಗಳೂರಲ್ಲಿರಿ. ಫೈನಲ್‌ಗೆ ಅವನು ಬಂದರೆ ಆ ದಿನ ಉಡುಪಿಗೆ ಹೋಗಿ. ಫೈನಲ್‌ಗಳು ಹೆಚ್ಚಾಗಿ ಸಂಜೆಗೆ ಇರುತ್ತವೆ, ಆರಾಮಾಗಿ ಹೋಗಬಹುದು. ಅಮ್ಮ ಬರಲಿಲ್ಲ ಎಂದು ಹೀಟ್ಸ್‌ನಲ್ಲಿ ಯಾರೂ ನಿಧಾನ ಓಡುವುದಿಲ್ಲ.

ಹಿಂದೆ ಕಂಡಕ್ಟರ್ ಆಗಿದ್ದವನು, ಈಗ ಬಜಪೆ:

ಬಸ್ಸಿನ ವಿಷಯ ನಾನು ಹೇಳುತ್ತೇನೆ. ಇಲ್ಲಿ ಸಿಟಿ ಬಸ್ಸು ಜಾಸ್ತಿ ಖಾಸಗಿಯವರದ್ದು. ಒಂದೊಂದು ಬಸ್ಸಿಗೂ ಪರ್ಮಿಟ್ಟಿನಲ್ಲಿ ಹೊರಡುವ ಟೈಮಿಂಗ್ ಬರೆದಿರುತ್ತದೆ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಬಂದು ಜಗಳಕ್ಕೆ ನಿಲ್ಲುತ್ತಾನೆ, ಅವನ ಕಲೆಕ್ಷನ್ ಹೋಯಿತಲ್ಲ! ಹಾಗಾಗಿ ನಮ್ಮವರು ಓಡಿಸುವುದೂ ಬೊಬ್ಬೆ ಹೊಡೆಯುವುದೂ. ನಿಮ್ಮ ಮೇಲೆ ಸಿಟ್ಟಿಲ್ಲ. ಕೂಟದ ದಿನ ಲೇಡಿಹಿಲ್‌ನಲ್ಲಿ ಇಡೀ ತಂಡ ಚೀಲ, ಜಾವೆಲಿನ್ ಎಲ್ಲ ಹಿಡಿದುಕೊಂಡು ಕೈ ಅಡ್ಡ ಹಾಕಿದರೆ ಎಷ್ಟೋ ಬಸ್ಸು ನಿಲ್ಲಿಸುವುದೇ ಇಲ್ಲ. ಅಷ್ಟು ಜನ ಹತ್ತುವುದರಲ್ಲಿ ಟೈಮಿಂಗ್ ಹೋಗುತ್ತದೆ. ಸಾಮಾನು ಜಾಸ್ತಿ ಇದ್ದರೆ ಹೊರಡುವ ಜಾಗಕ್ಕೇ ಬನ್ನಿ, ಸ್ಟೇಟ್ ಬ್ಯಾಂಕಿಗೆ. ಅಲ್ಲಿ ಬಸ್ಸು ನಿಂತಿರುತ್ತದೆ. ಕಂಡಕ್ಟರಿಗೆ ಮೊದಲೇ ಹೇಳಿದರೆ ಚೀಲವನ್ನು ಹಿಂದಿನ ಸೀಟಿನ ಹತ್ತಿರ ಇಡಿಸುತ್ತಾನೆ. ಲಗೇಜಿಗೆ ದುಡ್ಡು ಕೇಳಿದರೆ ಆಗಲೇ ಮಾತಾಡಿ ಮುಗಿಸಿ, ಇಳಿಯುವಾಗ ಚರ್ಚೆ ಬೇಡ.

ರಾತ್ರಿ ಎಂಟರವರೆಗೆ ಚಿಂತೆ ಇಲ್ಲ. ಆಮೇಲೆ ಬಸ್ಸು ಕಡಿಮೆಯಾಗುತ್ತಾ ಬರುತ್ತದೆ, ಒಂಬತ್ತು ದಾಟಿದರೆ ನಂಬಿ ಕೂರಬೇಡಿ. ಹೊರಗಿಂದ ಬಂದವರು ಸಿಕ್ಕಿಬೀಳುವುದು ಭಾನುವಾರ. ಫೈನಲ್ ಎಲ್ಲ ಭಾನುವಾರ ಇಡುತ್ತಾರೆ, ಭಾನುವಾರವೇ ನಮ್ಮ ಬಸ್ಸು ಕಡಿಮೆ. ಜನ ಇಲ್ಲ ಎಂದು ಟ್ರಿಪ್ ಕಟ್ ಮಾಡುತ್ತಾರೆ. ಚಲೋ ಆ್ಯಪ್ ಹಾಕಿಕೊಳ್ಳಿ, ಬಸ್ಸು ಎಲ್ಲಿ ಬರುತ್ತಾ ಉಂಟು ಎಂದು ಕಾಣುತ್ತದೆ.

ಪದವಿನಂಗಡಿಯಿಂದ:

ಶಕ್ತಿ ಯೋಜನೆಯ ನೆಚ್ಚಿಕೆಯಲ್ಲಿ ಬರಬೇಡಿ. 2023ರ ಜೂನ್‌ನಲ್ಲಿ ಶುರುವಾದ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಇಲ್ಲಿ ಖಾಸಗಿ ಬಸ್ಸಿಗೆ ಹತ್ತಿ ಆಧಾರ್ ಕಾರ್ಡ್ ತೋರಿಸುವವರನ್ನು ದಿನಾ ನೋಡುತ್ತೇನೆ, ಪಾಪ. ನರ್ಮ್ ಬಸ್ಸು, ಅಂದರೆ ಸರ್ಕಾರಿ ಸಿಟಿ ಬಸ್ಸು ಬಂದರೆ ಅದರಲ್ಲಿ ಫ್ರೀ. ಆದರೆ ಅದಕ್ಕಾಗಿ ಕಾಯುತ್ತಾ ನಿಂತರೆ ಮಗಳ ಮ್ಯಾಚ್ ಮುಗಿದಿರುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ.

ಉಡುಪಿಯಿಂದ, ಬ್ರಹ್ಮಗಿರಿ:

ಅಜ್ಜರಕಾಡಿಗೆ ಬರುವುದು ಸುಲಭ ಮಾರಾಯ್ರೆ. ಮಂಗಳೂರು ಬಸ್ಸು ಹತ್ತಿದ ಕೂಡಲೇ ಕಂಡಕ್ಟರಿಗೆ ಹೇಳಿಡಿ, ಜೋಡುಕಟ್ಟೆಯ ಹತ್ತಿರ ಇಳಿಸುತ್ತಾನೆ. ಬಸ್ ನಿಲ್ದಾಣದವರೆಗೆ ಹೋಗಿ ಪುನಃ ಹಿಂದೆ ಬರುವುದು ಸುಮ್ನೆ ದಂಡ. ಮಧ್ಯಾಹ್ನ ಪುರುಸೊತ್ತಾದರೆ ಪಕ್ಕದ ಭುಜಂಗ ಪಾರ್ಕಿನಲ್ಲಿ ನೆರಳುಂಟು, ಕೂತುಕೊಳ್ಳಿ.

ರೈಲು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮಂಗಳೂರು-ಮಡಗಾಂವ್ ವಂದೇ ಭಾರತ್ ಉಡುಪಿಯಲ್ಲಿ ನಿಲ್ಲುತ್ತದೆ, ಸರಿ. ಅದು ಬರುವಾಗ ಬೆಳಗ್ಗಿನ ಹೀಟ್ಸ್ ಮುಗಿದಿರುತ್ತದೆ. ಮತ್ತೆ ನಮ್ಮ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಅಲ್ಲಿಂದ ಪೇಟೆಗೆ ಬರಲು ಕಲ್ಸಂಕ ದಾಟಬೇಕು. ಕಲ್ಸಂಕದಲ್ಲಿ ಮಣಿಪಾಲದ ಗಾಡಿ, ಕೃಷ್ಣ ಮಠಕ್ಕೆ ಬರುವ ಪ್ರವಾಸಿಗಳ ಬಸ್ಸು, ಅಂಬಾಗಿಲು ಕಡೆಯವರು ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಶನಿವಾರ, ಭಾನುವಾರ ಕೇಳುವುದೇ ಬೇಡ.

ರೂಮಿನ ವಿಷಯದಲ್ಲಿ ಎಚ್ಚರ. ಜನವರಿ ನಮಗೆ ಹಬ್ಬದ ತಿಂಗಳು. 14ಕ್ಕೆ ರಥಬೀದಿಯಲ್ಲಿ ಮೂರು ತೇರು. ಎರಡು ವರ್ಷಕ್ಕೊಮ್ಮೆ 18ಕ್ಕೆ ಪರ್ಯಾಯ. 2026ರಲ್ಲಿ ಆಯಿತು, ಇನ್ನು 2028ಕ್ಕೆ. ಪರ್ಯಾಯದ ವಾರ ಕೂಟ ಇಟ್ಟಿದ್ದರೆ ಉಡುಪಿಯಲ್ಲಿ ನಿಮಗೆ ಜಗಲಿಯೂ ಸಿಗುತ್ತಿರಲಿಲ್ಲ.

ಮಣ್ಣಗುಡ್ಡೆಯಿಂದ:

ಜಾತ್ರೆಯ ಮಾತು ಬಂತಲ್ಲ, ಮಂಗಳೂರಿನದ್ದೂ ಸೇರಿಸುತ್ತೇನೆ. ಸಂಕ್ರಾಂತಿ ಆಸುಪಾಸಿನಲ್ಲಿ ಕದ್ರಿ ಜಾತ್ರೆ. ರಥಸಪ್ತಮಿಗೆ ರಥಬೀದಿಯಲ್ಲಿ ಕೊಡಿಯಾಲ ತೇರು. ಬಂಗ್ರಕೂಳೂರಿನ ಕಂಬಳವೂ ಇದೇ ಸೀಸನ್ನಿನಲ್ಲಿ ಬರುತ್ತದೆ, ಆ ಶನಿವಾರ-ಭಾನುವಾರ ಕೊಟ್ಟಾರದಿಂದ ಕೂಳೂರುವರೆಗೆ ರಸ್ತೆ ಬದಿಯೆಲ್ಲ ಗಾಡಿ. ಹೋಗಿ ನೋಡಿ ಬನ್ನಿ ಎಂದೇ ಹೇಳುತ್ತೇನೆ. ನಿಮ್ಮ ಮಗನಿಗಿಂತ ಜೋರಾಗಿ ಓಡುವವರು ಅಲ್ಲಿದ್ದಾರೆ.

2025ರ ಜನವರಿ 17ರಿಂದ 23ರವರೆಗೆ ಕರ್ನಾಟಕ ಕ್ರೀಡಾಕೂಟ ಮಂಗಳೂರು, ಉಡುಪಿ ಎರಡೂ ಕಡೆ ನಡೆಯಿತಲ್ಲ, ಉದ್ಘಾಟನೆ ಇಲ್ಲೇ ಮಂಗಳಾ ಕ್ರೀಡಾಂಗಣದಲ್ಲಿ. ಮುಖ್ಯಮಂತ್ರಿ ಬರುವ ದಿನ ಎಂದರೆ ಗೊತ್ತಲ್ಲ, ಪೊಲೀಸರು, ಬ್ಯಾರಿಕೇಡು, ಎಲ್ಲಿ ನೋಡಿದರೂ ಗಾಡಿ. ಮಂಗಳಾದಲ್ಲಿ ಬೆಳಗ್ಗೆ ನಡೆಯುವವರ ಒಂದು ಸೈನ್ಯವೇ ಉಂಟು. ಕೂಟ ಬಂತೆಂದರೆ ಅವರಿಗೆ ಟ್ರ್ಯಾಕ್ ಬಂದ್, ಇಡೀ ವಾರ ಗೊಣಗಾಟ. ನಾನೂ ಆ ಸೈನ್ಯದವನೇ. ಉದ್ಘಾಟನೆಯ ಸಂಜೆ ಮತ್ತು ಸಮಾರೋಪದ ಸಂಜೆ ಬಿಟ್ಟರೆ ಉಳಿದ ದಿನ ಊರು ಊರಿನ ಹಾಗೇ ಇರುತ್ತದೆ. ಕ್ರಿಕೆಟ್ ಅಲ್ಲವಲ್ಲ, ನೋಡಲು ಜನ ಮುಗಿಬೀಳುವುದಿಲ್ಲ. 2023ರ ನವೆಂಬರಿನಲ್ಲಿ ಎಮ್ಮೆಕೆರೆಯ ಹೊಸ ಈಜುಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಕೂಟ ನಡೆದಾಗ ಪಕ್ಕದ ಬೀದಿಯವರಿಗೂ ಗೊತ್ತಿರಲಿಲ್ಲ. ಬೇಸರದ ಸಂಗತಿ, ಆದರೆ ನಿಮಗೆ ಅನುಕೂಲ.

ಒಂದು ಕಹಿ ಅನುಭವ. ಹಿಂದೆ ಒಂದು ಕೂಟಕ್ಕೆ ನಮ್ಮ ನೆಂಟರು ಫೋನಿನಲ್ಲೇ ರೂಮು ಹೇಳಿದ್ದರು. ಬಂದಾಗ ಲಾಡ್ಜಿನವರು ಇಡೀ ಮಹಡಿಯನ್ನು ಒಂದು ತಂಡಕ್ಕೆ ಕೊಟ್ಟಾಗಿತ್ತು. ಬಾಯಿಮಾತು ನಂಬಬೇಡಿ, ಅಡ್ವಾನ್ಸ್ ಕೊಟ್ಟು ರಶೀದಿ ತೆಗೆದುಕೊಳ್ಳಿ.

ಮೂಡಬಿದಿರೆಯಿಂದ, ದೈಹಿಕ ಶಿಕ್ಷಣ ಶಿಕ್ಷಕಿ:

ಬಸ್ಸು, ರೂಮು ಎಲ್ಲರೂ ಹೇಳಿದರು. ಸೆಕೆಯ ವಿಷಯ ಯಾರೂ ಹೇಳಲಿಲ್ಲ. ದುರ್ಗದ ಬಿಸಿಲು ಒಣ ಬಿಸಿಲು, ಬೆವರು ಆಗಲೇ ಆರಿಹೋಗುತ್ತದೆ. ಇಲ್ಲಿ ಗಾಳಿಯಲ್ಲೇ ನೀರು. ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ, ಇನ್ನೂ ಬೆವರುತ್ತದೆ. ಜನವರಿಯ ಬೆಳಗ್ಗೆ ಹಿತವಾಗಿರುತ್ತದೆ ಎಂದು ಮಕ್ಕಳು ನೀರು ಕುಡಿಯುವುದಿಲ್ಲ. ಹನ್ನೊಂದು ಗಂಟೆಗೆ ಮೀನಖಂಡ ಹಿಡಿದುಕೊಂಡು ಕೂತಿರುತ್ತಾರೆ. ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. ಓಆರ್‌ಎಸ್ ಇಟ್ಟುಕೊಳ್ಳಿ. ಬೊಂಡ ಎಲ್ಲ ಕಡೆ ಸಿಗುತ್ತದೆ, ಎಳನೀರಿಗೆ ನಾವು ಹಾಗೇ ಹೇಳುವುದು, ಬಜ್ಜಿ ಎಂದುಕೊಳ್ಳಬೇಡಿ. ಸಾಧ್ಯವಾದರೆ ಎರಡು ದಿನ ಮೊದಲೇ ಬನ್ನಿ.

ಊಟಕ್ಕೆ ಹೋಟೆಲಿನಲ್ಲಿ ಬೆಳ್ತಿಗೆ ಅನ್ನ, ಅಂದರೆ ಬಿಳಿ ಅನ್ನ ಕೇಳಿ. ಕುಚ್ಚಲಕ್ಕಿ ಒಳ್ಳೆಯದೇ, ಆದರೆ ರೂಢಿ ಇಲ್ಲದ ಮಕ್ಕಳು ಆಟದ ಹಿಂದಿನ ದಿನ ಮೊದಲ ಸಲ ತಿನ್ನುವುದು ಬೇಡ. ಮೀನೂ ಅಷ್ಟೇ, ಆಟ ಮುಗಿದ ಮೇಲೆ. ಐಡಿಯಲ್‌ನ ಗಡ್‌ಬಡ್ ಐಸ್‌ಕ್ರೀಂ ಕೂಡ ಆಮೇಲೆ ಎಂದು ಈಗಲೇ ಹೇಳಿಬಿಡಿ, ಪದಕಕ್ಕಿಂತ ಅದರ ಆಸೆಯೇ ಜಾಸ್ತಿ ಇರುತ್ತದೆ.

ಕೇಳಿದವರು, ಚಿತ್ರದುರ್ಗ:

ಎಲ್ಲರಿಗೂ ತುಂಬಾ ಧನ್ಯವಾದ. ಕೋಚ್ ಹತ್ತಿರ ಮಾತಾಡಿದೆ, ಮಗನಿಗೆ ತಂಡದ ಜೊತೆ ಉಡುಪಿಯಲ್ಲೇ ವ್ಯವಸ್ಥೆ ಇದೆಯಂತೆ. ಮಗಳ ಜೊತೆ ನಾನು ಬಿಜೈನಲ್ಲಿ ರೂಮು ನೋಡುತ್ತಿದ್ದೇನೆ. ಒಂದೇ ಅನುಮಾನ. ಭಾನುವಾರ ಮಗನ ಫೈನಲ್ ಸಂಜೆ ಆರಕ್ಕೆ ಮುಗಿದರೆ ಇಬ್ಬರೂ ಉಡುಪಿಯಿಂದ ಮಂಗಳೂರಿಗೆ ಬಂದು ಅದೇ ರಾತ್ರಿ ಊರಿನ ಬಸ್ಸು ಹಿಡಿಯಬಹುದಾ? ಮಗಳು ಆಗ ರೂಮಿನಲ್ಲಿರುತ್ತಾಳೆ.

ಹಿಂದೆ ಕಂಡಕ್ಟರ್ ಆಗಿದ್ದವನು, ಈಗ ಬಜಪೆ:

ಆರಕ್ಕೆ ಮುಗಿಯುತ್ತದೆ ಎಂದು ಕಾಗದದಲ್ಲಿ ಇರುತ್ತದೆ. ಪದಕ ಕೊಡುವುದು, ಫೋಟೋ, ಸರ್ಟಿಫಿಕೇಟ್ ಎಂದು ಏಳೂವರೆ ಮಾಡುತ್ತಾರೆ. ಭಾನುವಾರ ರಾತ್ರಿ ಬೆಂಗಳೂರು ಕಡೆ ಹೋಗುವವರ ರಶ್ ಬೇರೆ. ಸೋಮವಾರ ಬೆಳಗ್ಗಿನ ಬಸ್ಸು ಹಿಡಿಯಿರಿ. ಬಿಜೈನಲ್ಲಿ ಉಳಿಯುವುದಾದರೆ ಕೆಎಸ್ಸಾರ್ಟಿಸಿ ನಿಲ್ದಾಣ ಅಲ್ಲೇ ಉಂಟು, ರೂಮಿನಿಂದ ನಡೆದು ಬಂದು ಹತ್ತಬಹುದು. ಭಾನುವಾರ ಉಡುಪಿಯಿಂದ ಮಾತ್ರ ಎಂಟಕ್ಕೆ ಮೊದಲೇ ಹೊರಡಿ. ಲಾಲ್‌ಬಾಗ್‌ನಲ್ಲಿ ಇಳಿದು ಆಟೋ ಮಾಡಿ, ಮೀಟರ್ ಹಾಕುತ್ತಾರೆ. ರಾತ್ರಿ ಹತ್ತರ ಮೇಲಾದರೆ ಒಂದೂವರೆ ಪಟ್ಟು.

ಪದವಿನಂಗಡಿಯಿಂದ:

ಸೋಮವಾರದ ಬಸ್ಸು ಸರ್ಕಾರಿ ಸಾಮಾನ್ಯ ಸಾರಿಗೆ ಆದರೆ ನಿಮಗೂ ಮಗಳಿಗೂ ಫ್ರೀ. ಆಗ ಆಧಾರ್ ತೋರಿಸಿ!