ಟೆಕ್ಸಾಸ್ ಎಲ್‌ಎಲ್‌ಸಿಗೆ ರಿಜಿಸ್ಟರ್ಡ್ ಏಜೆಂಟ್ ಬದಲಿಸುವುದು ಹೇಗೆ?

ಪ್ರಶ್ನೆ (ಇರ್ವಿಂಗ್, ಟೆಕ್ಸಾಸ್):

ನಮಸ್ಕಾರ ಮೇಡಂ. ನಾನು ಮತ್ತು ನಮ್ಮ ಯಜಮಾನರು ಸೇರಿ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮಾಡಿ ಮಾರುವ ಒಂದು ಸಣ್ಣ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಸಂಸ್ಥೆ) ನಡೆಸುತ್ತಿದ್ದೇವೆ. ನೋಂದಣಿ ಮಾಡಿಸುವಾಗ ನಾವು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದುದರಿಂದ, ಯಜಮಾನರ ಸ್ನೇಹಿತರೊಬ್ಬರನ್ನು ರಿಜಿಸ್ಟರ್ಡ್ ಏಜೆಂಟ್ (ಸಂಸ್ಥೆಯ ಪರವಾಗಿ ಕಾನೂನು ಪತ್ರಗಳನ್ನು ಸ್ವೀಕರಿಸುವವರು) ಎಂದು ಅವರ ಮನೆಯ ವಿಳಾಸದೊಂದಿಗೆ ನಮೂದಿಸಿದ್ದೆವು. ಅವರೀಗ ಮನೆ ಮಾರಿ, ಕುಟುಂಬಸಮೇತ ಮೈಸೂರಿಗೆ ಹಿಂತಿರುಗುತ್ತಿದ್ದಾರೆ. ಇಷ್ಟು ವರ್ಷಗಳಲ್ಲಿ ಆ ವಿಳಾಸಕ್ಕೆ ನಮ್ಮ ವ್ಯವಹಾರದ ಒಂದು ಕಾಗದವೂ ಬಂದಿಲ್ಲ. ಹಾಗಾಗಿ ಮುಂದಿನ ಮೇ ತಿಂಗಳಲ್ಲಿ ಫ್ರಾಂಚೈಸ್ ತೆರಿಗೆಯ (ರಾಜ್ಯವು ಸಂಸ್ಥೆಗಳ ಮೇಲೆ ಹಾಕುವ ತೆರಿಗೆ) ವರದಿ ಸಲ್ಲಿಸುವಾಗ ಅದರಲ್ಲೇ ಹೊಸ ಹೆಸರನ್ನು ಬರೆದರಾಯಿತು ಎಂದು ಯಜಮಾನರು ಹೇಳುತ್ತಾರೆ. ಅದು ಸಾಕಾಗುತ್ತದೆಯೇ? ಅವರೇ ಏಜೆಂಟ್ ಆಗಬಹುದೇ? ಎಷ್ಟು ಖರ್ಚಾಗುತ್ತದೆ?

ಉತ್ತರ:

ನಮಸ್ಕಾರ. ಸಾಕಾಗುವುದಿಲ್ಲ, ಮೇ ತಿಂಗಳವರೆಗೆ ಕಾಯುವುದೂ ಬೇಡ. ರಾಜ್ಯದ ತೆರಿಗೆ ಸಂಗ್ರಹಿಸುವ ಕಂಟ್ರೋಲರ್ ಕಚೇರಿಗೆ ಪ್ರತಿವರ್ಷ ಮೇ 15ರೊಳಗೆ ಸಲ್ಲಿಸುವ, ಸಂಸ್ಥೆಯ ವಿವರಗಳಿರುವ ಪಬ್ಲಿಕ್ ಇನ್ಫರ್ಮೇಶನ್ ರಿಪೋರ್ಟ್‌ನಲ್ಲಿ ಏಜೆಂಟರ ಹೆಸರು ಕಾಣಿಸುತ್ತದೆಯಾದರೂ, ಅಲ್ಲಿ ಅದನ್ನು ತಿದ್ದಿದರೆ ಕಾನೂನಿನ ಪ್ರಕಾರ ಏಜೆಂಟ್ ಬದಲಾಗುವುದಿಲ್ಲ. ಬದಲಾವಣೆಯನ್ನು ಆಸ್ಟಿನ್‌ನಲ್ಲಿರುವ, ಸಂಸ್ಥೆಗಳನ್ನು ನೋಂದಾಯಿಸುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲೇ ದಾಖಲಿಸಬೇಕು. ನಿಮ್ಮಂತಹ ಸಣ್ಣ ಸಂಸ್ಥೆಗಳು ಎಡವುವುದು ಹೆಚ್ಚಾಗಿ ಈ ಎರಡು ಕಚೇರಿಗಳು ಒಂದೇ ಎಂಬ ಭಾವನೆಯಿಂದ. (2024ರಿಂದ ಕಡಿಮೆ ಆದಾಯದ ಸಂಸ್ಥೆಗಳು ‘ನೋ ಟ್ಯಾಕ್ಸ್ ಡ್ಯೂ’ (ಕಟ್ಟಬೇಕಾದ ತೆರಿಗೆಯಿಲ್ಲ ಎಂಬ) ವರದಿಯನ್ನು ಸಲ್ಲಿಸಬೇಕಾಗಿಲ್ಲ, ಆದರೆ ಈ ಇನ್ಫರ್ಮೇಶನ್ ರಿಪೋರ್ಟನ್ನು ಸಲ್ಲಿಸಲೇಬೇಕು ಎಂಬುದನ್ನೂ ನೆನಪಿಡಿ.)

ಕಾಗದವೇ ಬಂದಿಲ್ಲ ಎಂಬ ಸಮಾಧಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ರಿಜಿಸ್ಟರ್ಡ್ ಏಜೆಂಟ್ ಇರುವುದು ದಿನನಿತ್ಯದ ಅಂಚೆಗಾಗಿ ಅಲ್ಲ. ನಿಮ್ಮ ಸಂಸ್ಥೆಯ ಮೇಲೆ ಯಾರಾದರೂ ದಾವೆ ಹೂಡಿದರೆ ಅದರ ಸಮನ್ಸ್ ಸ್ವೀಕರಿಸಲು. ಟೆಕ್ಸಾಸ್‌ನ ಜಿಲ್ಲಾ ಮತ್ತು ಕೌಂಟಿ ನ್ಯಾಯಾಲಯಗಳಲ್ಲಿ, ಸಮನ್ಸ್ ತಲುಪಿದ ದಿನದಿಂದ 20 ದಿನಗಳು ಕಳೆದ ಮೇಲೆ ಬರುವ ಸೋಮವಾರ ಬೆಳಿಗ್ಗೆ 10 ಗಂಟೆಯೊಳಗೆ ನೀವು ಲಿಖಿತ ಉತ್ತರವನ್ನು ಸಲ್ಲಿಸಬೇಕು. ಉದಾಹರಣೆಗೆ, ಏಜೆಂಟರ ಕೈಗೆ 2026ರ ಮಾರ್ಚ್ 4ರ ಬುಧವಾರ ಸಮನ್ಸ್ ತಲುಪಿದ್ದರೆ, ಇಪ್ಪತ್ತನೆಯ ದಿನ ಮಾರ್ಚ್ 24ರ ಮಂಗಳವಾರ, ಗಡುವು ಮಾರ್ಚ್ 30ರ ಸೋಮವಾರ ಬೆಳಿಗ್ಗೆ 10 ಗಂಟೆ. ಇನ್ನು 20,000 ಡಾಲರ್‌ವರೆಗಿನ ವ್ಯಾಜ್ಯಗಳು ಹೋಗುವ ಜಸ್ಟಿಸ್ ಕೋರ್ಟಿನಲ್ಲಿ, ಅಂದರೆ ಪುಡಿ ವ್ಯಾಪಾರದಂತಹ ಸಣ್ಣ ವ್ಯವಹಾರದ ತಕರಾರು ಬರುವುದಾದರೆ ಬಹುಶಃ ಬರುವ ಜಾಗದಲ್ಲಿ, ಇರುವ ಕಾಲಾವಕಾಶ 14 ದಿನಗಳು ಮಾತ್ರ. ಗಡುವು ಮೀರಿದರೆ, ನಿಮ್ಮ ಮಾತನ್ನು ಕೇಳದೆಯೇ ನ್ಯಾಯಾಲಯ ಏಕಪಕ್ಷೀಯ ತೀರ್ಪು ಕೊಡಬಹುದು.

‘ಏಜೆಂಟರೇ ಊರಲ್ಲಿಲ್ಲದಿದ್ದರೆ ಸಮನ್ಸ್ ತಲುಪುವುದಾದರೂ ಹೇಗೆ?’ ಎಂದು ನೀವು ಕೇಳಬಹುದು. ತಕ್ಕಷ್ಟು ಪ್ರಯತ್ನಪಟ್ಟರೂ ಏಜೆಂಟ್ ಸಿಗದಿದ್ದಾಗ, ಸೆಕ್ರೆಟರಿ ಆಫ್ ಸ್ಟೇಟ್ ಅವರೇ ನಿಮ್ಮ ಸಂಸ್ಥೆಯ ಪರವಾಗಿ ಸಮನ್ಸ್ ಸ್ವೀಕರಿಸುತ್ತಾರೆ ಎಂದು ಟೆಕ್ಸಾಸ್ ಕಾನೂನು ಹೇಳುತ್ತದೆ. ಅವರು ಅದನ್ನು ತಮ್ಮ ದಾಖಲೆಯಲ್ಲಿರುವ ನಿಮ್ಮ ವಿಳಾಸಕ್ಕೆ ರವಾನಿಸುತ್ತಾರೆ. ಆ ವಿಳಾಸವೂ ಹಳೆಯದಾಗಿದ್ದು ಲಕೋಟೆ ವಾಪಸಾದರೂ, ದಾವೆ ಹೂಡಿದವರ ಪಾಲಿಗೆ ಅದು ನಿಮಗೆ ತಲುಪಿದಂತೆಯೇ. ಆದ್ದರಿಂದ ನಿಮ್ಮ ಸ್ನೇಹಿತರು ಮನೆಯ ಕೀಲಿಕೈ ಕೊಡುವ ಮೊದಲೇ ಹೊಸ ಏಜೆಂಟರ ಹೆಸರು ದಾಖಲೆಗೆ ಸೇರಿರಬೇಕು, ನಡುವೆ ಒಂದು ದಿನವೂ ಖಾಲಿ ಬಿಡಬಾರದು ಎಂಬುದು ನನ್ನ ಖಚಿತ ಸಲಹೆ.

ನಿಮ್ಮ ಯಜಮಾನರು ಏಜೆಂಟ್ ಆಗಬಹುದು, ಅಭ್ಯಂತರವಿಲ್ಲ. ಟೆಕ್ಸಾಸ್‌ನಲ್ಲಿ ವಾಸಿಸುವ ಯಾವುದೇ ವ್ಯಕ್ತಿ ಒಪ್ಪಿಗೆ ಕೊಟ್ಟರೆ ಏಜೆಂಟ್ ಆಗಬಹುದು. ಆದರೆ ಎಲ್‌ಎಲ್‌ಸಿ ತನಗೆ ತಾನೇ ಏಜೆಂಟ್ ಆಗುವಂತಿಲ್ಲ. ಕೆಲಸದ ದಿನಗಳಲ್ಲಿ, ಕಚೇರಿಯ ವೇಳೆಯಲ್ಲಿ ಅವರು ಆ ವಿಳಾಸದಲ್ಲಿ ಸಿಗುವಂತಿರಬೇಕು. ಆ ವಿಳಾಸ ಸಾರ್ವಜನಿಕ ದಾಖಲೆಯಾಗುತ್ತದೆ, ಯಾರು ಬೇಕಾದರೂ ನೋಡಬಹುದು. ಇಬ್ಬರೂ ಹಗಲು ಹೊರಗೆ ಕೆಲಸಕ್ಕೆ ಹೋಗುವವರಾದರೆ, ಅಥವಾ ಮಕ್ಕಳಿರುವ ಮನೆಯ ಬಾಗಿಲಿಗೆ ಸಮನ್ಸ್ ಹಿಡಿದು ಕಾನ್‌ಸ್ಟೇಬಲ್ ಬಂದು ನಿಲ್ಲುವುದು ಬೇಡವೆನಿಸಿದರೆ, ವರ್ಷಕ್ಕೆ ಸಾಮಾನ್ಯವಾಗಿ 50ರಿಂದ 300 ಡಾಲರ್‌ವರೆಗೆ ಶುಲ್ಕ ಪಡೆಯುವ ಏಜೆಂಟ್ ಸಂಸ್ಥೆಯೊಂದನ್ನು ನೇಮಿಸಿಕೊಳ್ಳುವುದೇ ಮೇಲು. ಮೊದಲ ವರ್ಷ ಉಚಿತ ಎನ್ನುವವರ ಬಳಿ ಎರಡನೆಯ ವರ್ಷದ ಶುಲ್ಕವೆಷ್ಟೆಂದು ಕೇಳಿ, ಬರಹದಲ್ಲಿ ಪಡೆದ ನಂತರವೇ ಹಣ ಕಟ್ಟಿ.

ಈಗ ಕೆಲಸದ ಕ್ರಮ. ಮೊದಲು ಕಂಟ್ರೋಲರ್ ಕಚೇರಿಯ ಜಾಲತಾಣದಲ್ಲಿ ನಿಮ್ಮ ಸಂಸ್ಥೆಯ ಹೆಸರನ್ನು ಹುಡುಕಿ, ಅದು ಉಚಿತ. ದಾಖಲೆಯಲ್ಲಿ ಈಗಿರುವ ಏಜೆಂಟರ ಹೆಸರು, ವಿಳಾಸ ಮತ್ತು ಸೆಕ್ರೆಟರಿ ಆಫ್ ಸ್ಟೇಟ್ ಕೊಟ್ಟಿರುವ ಫೈಲ್ ನಂಬರ್ ಅಲ್ಲಿ ಕಾಣುತ್ತವೆ. ಅದೇ ಪುಟದಲ್ಲಿರುವ 11 ಅಂಕಿಗಳ ತೆರಿಗೆದಾರರ ಸಂಖ್ಯೆ ಬೇರೆ; ಅರ್ಜಿಯಲ್ಲಿ ಫೈಲ್ ನಂಬರ್ ಕೇಳಿದ ಕಡೆ ಅದನ್ನು ತುಂಬಬೇಡಿ. ಅನಂತರ ಹೊಸ ಏಜೆಂಟರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. 2010ರ ಜನವರಿ 1ರಿಂದ ಇದು ಕಡ್ಡಾಯ, ಗಂಡ ಹೆಂಡತಿಯಾದರೂ ಸರಿಯೇ. ಇದಕ್ಕಾಗಿ ಫಾರ್ಮ್ 401-ಎ ಎಂಬ ನಮೂನೆ ಇದೆ. ಅದನ್ನು ಸರ್ಕಾರಕ್ಕೆ ಕಳುಹಿಸಬೇಕಾಗಿಲ್ಲ, ಸಂಸ್ಥೆಯ ಕಡತದಲ್ಲಿಟ್ಟುಕೊಂಡರೆ ಸಾಕು. ಕೊನೆಗೆ ಫಾರ್ಮ್ 401 ತುಂಬಿ, ಸಂಸ್ಥೆಯ ಹೆಸರನ್ನು ನೋಂದಣಿ ಪತ್ರದಲ್ಲಿ ಇರುವಂತೆಯೇ ಅಕ್ಷರಶಃ ಬರೆದು, ಆನ್‌ಲೈನ್‌ನಲ್ಲಾಗಲಿ ಅಂಚೆಯಲ್ಲಾಗಲಿ ಸಲ್ಲಿಸಿ. ಶುಲ್ಕ 15 ಡಾಲರ್. ಹೊಸ ಇಐಎನ್ (ಅಮೆರಿಕದ ಕೇಂದ್ರ ತೆರಿಗೆ ಇಲಾಖೆ ಸಂಸ್ಥೆಗೆ ಕೊಡುವ ಗುರುತಿನ ಸಂಖ್ಯೆ) ಬೇಕಾಗಿಲ್ಲ, ಬ್ಯಾಂಕ್ ಖಾತೆಯನ್ನೂ ಬದಲಿಸಬೇಕಾಗಿಲ್ಲ.

ಸ್ನೇಹಿತರು ತಾವಾಗಿಯೇ ರಾಜೀನಾಮೆ ಕೊಡುವ ಅಗತ್ಯವಿಲ್ಲ. ನಿಮ್ಮ ಅರ್ಜಿ ಅಂಗೀಕಾರವಾದೊಡನೆ ಅವರ ಹೊಣೆ ಮುಗಿಯುತ್ತದೆ. ಅಂಗೀಕಾರದ ಪತ್ರದ ಒಂದು ಪ್ರತಿಯನ್ನು ಅವರಿಗೂ ಕಳುಹಿಸಿಕೊಡಿ. ಇಷ್ಟು ವರ್ಷ ನಿಮಗಾಗಿ ಹೆಸರು ಕೊಟ್ಟವರು ನಿಶ್ಚಿಂತೆಯಿಂದ ವಿಮಾನ ಹತ್ತಲಿ.

ಅದೇ ಪ್ರಶ್ನಕರ್ತರು:

ತುಂಬಾ ಧನ್ಯವಾದಗಳು ಮೇಡಂ. ಯಜಮಾನರೂ ಓದಿದರು, ಈ ವಾರವೇ ಮಾಡಿಬಿಡೋಣ ಎಂದರು. ಮನೆಯ ವಿಳಾಸ ಬೇಡವೆಂದು, ಹತ್ತಿರದ ಅಂಗಡಿಯೊಂದರಲ್ಲಿ ಬಾಡಿಗೆಗೆ ಪಡೆದಿರುವ ಮೇಲ್‌ಬಾಕ್ಸ್‌ನ ವಿಳಾಸವನ್ನು ಕೊಡಬಹುದೇ? ಅದಕ್ಕೆ ಬೀದಿ ಹೆಸರೂ ಸಂಖ್ಯೆಯೂ ಇವೆ.

ಉತ್ತರ:

ಕೊಡಲಾಗದು. ಬರಿಯ ಮೇಲ್‌ಬಾಕ್ಸ್ ಸೇವೆ ಅಥವಾ ದೂರವಾಣಿಗೆ ಉತ್ತರಿಸುವ ಸೇವೆಯಷ್ಟೇ ಇರುವ ಜಾಗ ನೋಂದಾಯಿತ ಕಚೇರಿಯಾಗಲು (ದಾಖಲೆಯಲ್ಲಿರುವ ಏಜೆಂಟರ ವಿಳಾಸವಾಗಲು) ಸಲ್ಲದು ಎಂದು ಕಾನೂನಿನಲ್ಲಿಯೇ ಇದೆ. ಏಜೆಂಟರ ಕೈಗೆ ಖುದ್ದಾಗಿ ಸಮನ್ಸ್ ಕೊಡಲು ಸಾಧ್ಯವಾಗುವ ಜಾಗವೇ ಆಗಬೇಕು. ಮೇಲ್‌ಬಾಕ್ಸನ್ನು ಗ್ರಾಹಕರ ಪತ್ರಗಳಿಗೆ, ಪಾರ್ಸೆಲ್‌ಗಳಿಗೆ ಇಟ್ಟುಕೊಳ್ಳಿ.

ಪ್ರಶ್ನೆ (ಬೆಂಗಳೂರು):

ಮೇಡಂ, ಇದೇ ವಿಷಯದಲ್ಲಿ ನನ್ನದೊಂದು ಪ್ರಶ್ನೆ. ನಾನು ಬೆಂಗಳೂರಿನಲ್ಲಿದ್ದುಕೊಂಡು ಡೆಲವೇರ್‌ನಲ್ಲಿ ನೋಂದಣಿಯಾದ ಎಲ್‌ಎಲ್‌ಸಿಯ ಮೂಲಕ ಅಮೆರಿಕದ ಗ್ರಾಹಕರಿಗೆ ಸಾಫ್ಟ್‌ವೇರ್ ಸೇವೆ ಕೊಡುತ್ತಿದ್ದೇನೆ. ಏಜೆಂಟ್ ಸಂಸ್ಥೆಯವರು ಈ ವರ್ಷ ಶುಲ್ಕವನ್ನು ಬಹಳ ಏರಿಸಿದ್ದಾರೆ. ಕಟ್ಟದಿದ್ದರೆ ಏಜೆಂಟ್ ಸ್ಥಾನದಿಂದ ಹಿಂದೆ ಸರಿಯುವುದಾಗಿ ಇಮೇಲ್ ಕಳುಹಿಸಿದ್ದಾರೆ. ಅವರು ಸರಿದ ಮೇಲೆ ನಿಧಾನವಾಗಿ ಇನ್ನೊಬ್ಬರನ್ನು ಹುಡುಕಿದರೆ ತೊಂದರೆಯುಂಟೇ? ಇದಕ್ಕಾಗಿ ನಾನು ಅಲ್ಲಿಗೆ ಬರಬೇಕಾಗುತ್ತದೆಯೇ?

ಉತ್ತರ:

ಬರಬೇಕಾಗಿಲ್ಲ, ಆದರೆ ನಿಧಾನ ಮಾತ್ರ ಸಲ್ಲದು. ಡೆಲವೇರ್‌ನಲ್ಲಿ ಬದಲಿ ಏಜೆಂಟರನ್ನು ಹೆಸರಿಸದೆ ರಾಜೀನಾಮೆ ಸಲ್ಲಿಸುವವರು 30 ದಿನ ಮೊದಲೇ ನಿಮಗೆ ಲಿಖಿತ ಸೂಚನೆ ಕೊಡಬೇಕು; ರಾಜೀನಾಮೆ ಸಲ್ಲಿಸಿದ ಮೇಲೆ 30 ದಿನಗಳೊಳಗೆ ನೀವು ಹೊಸಬರನ್ನು ನೇಮಿಸದಿದ್ದರೆ ನಿಮ್ಮ ಎಲ್‌ಎಲ್‌ಸಿಯ ನೋಂದಣಿ ಪತ್ರವೇ ರದ್ದಾಗುತ್ತದೆ. ಬಂದಿರುವ ಇಮೇಲ್ ಆ ಸೂಚನೆಯೇ ಆಗಿರಬಹುದು, ದಿನಾಂಕ ನೋಡಿಕೊಳ್ಳಿ.

ಕಡಿಮೆ ಶುಲ್ಕದ ಬೇರೆ ಏಜೆಂಟ್ ಸಂಸ್ಥೆಯನ್ನು ಈಗಲೇ ಆರಿಸಿ. ಏಜೆಂಟ್ ಬದಲಾವಣೆಗಷ್ಟೇ ಮೀಸಲಾದ ತಿದ್ದುಪಡಿ ಪತ್ರಕ್ಕೆ ಸರ್ಕಾರದ ಶುಲ್ಕ 50 ಡಾಲರ್. ಹೊಸ ಏಜೆಂಟರೇ ಸಾಮಾನ್ಯವಾಗಿ ಅದನ್ನು ಸಿದ್ಧಪಡಿಸಿ, ನಿಮ್ಮ ಸಹಿ ಪಡೆದು ಸಲ್ಲಿಸುತ್ತಾರೆ. ಹಳಬರ ಖಾತೆಯನ್ನು ಮುಚ್ಚುವುದು ಅಂಗೀಕಾರದ ಪ್ರತಿ ಕೈಸೇರಿದ ಮೇಲೆ ಮಾತ್ರ. ವಾರ್ಷಿಕ ತೆರಿಗೆಯಾದ 300 ಡಾಲರ್‌ಗಳ ನೋಟಿಸ್ ಏಜೆಂಟರ ಮೂಲಕವೇ ಬರುತ್ತದೆಯಾದ್ದರಿಂದ, ಹೊಸಬರ ಬಳಿ ನಿಮ್ಮ ಸಂಪರ್ಕ ವ್ಯಕ್ತಿಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಸರಿಯಾಗಿವೆಯೇ ಎಂದು ಖಾತ್ರಿಪಡಿಸಿಕೊಳ್ಳಿ. ಜೂನ್ 1ರ ಗಡುವು ತಪ್ಪಿದರೆ 200 ಡಾಲರ್ ದಂಡ, ಅದರ ಮೇಲೆ ತಿಂಗಳಿಗೆ ಶೇಕಡಾ 1.5ರ ಬಡ್ಡಿ ಬೀಳುತ್ತದೆ.

ಭಾರತದಲ್ಲಿದ್ದು ಅಲ್ಲಿ ವ್ಯವಹಾರ ಮಾಡುವವರು ಇನ್ನೊಂದು ವಿಷಯವನ್ನು ಪರೀಕ್ಷಿಸಲೇಬೇಕು. ಇಐಎನ್‌ಗೆ ಅರ್ಜಿ ಹಾಕುವಾಗ ಏಜೆಂಟರ ವಿಳಾಸವನ್ನೇ ಅಂಚೆ ವಿಳಾಸವೆಂದು ಕೊಟ್ಟಿದ್ದರೆ, ನೀವು ಏಜೆಂಟ್ ಬದಲಿಸಿದರೂ ಆಂತರಿಕ ಕಂದಾಯ ಇಲಾಖೆಯಾದ ಐಆರ್‌ಎಸ್‌ನ ಪತ್ರಗಳು ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತವೆ, ಸಂಬಂಧ ಕಡಿದುಕೊಂಡ ಸಂಸ್ಥೆಯವರು ಅವನ್ನು ನಿಮಗೆ ಕಳುಹಿಸುವ ಭರವಸೆಯಿಲ್ಲ. ಫಾರ್ಮ್ 8822-ಬಿ ಮೂಲಕ ಐಆರ್‌ಎಸ್‌ಗೆ ಪ್ರತ್ಯೇಕವಾಗಿ ತಿಳಿಸಿ. ಬ್ಯಾಂಕಿನಲ್ಲಿ, ಪಾವತಿ ಸೇವೆಗಳಲ್ಲಿ ಅದೇ ವಿಳಾಸವಿದ್ದರೆ ಅಲ್ಲಿಯೂ ತಿದ್ದಿಸಿ.

ಪ್ರಶ್ನೆ (ಫ್ರಿಸ್ಕೊ, ಟೆಕ್ಸಾಸ್):

ನನ್ನ ಎಲ್‌ಎಲ್‌ಸಿಗೆ ನಾನೇ ಏಜೆಂಟ್. ಪ್ಲೇನೊದಿಂದ ಫ್ರಿಸ್ಕೊಗೆ ಮನೆ ಬದಲಿಸಿದ್ದೇನೆ. ಏಜೆಂಟ್ ಅದೇ ವ್ಯಕ್ತಿಯಾದ್ದರಿಂದ ಏನನ್ನಾದರೂ ಸಲ್ಲಿಸಬೇಕೇ?

ಉತ್ತರ:

ಸಲ್ಲಿಸಬೇಕು. ನೋಂದಾಯಿತ ಕಚೇರಿಯ ವಿಳಾಸ ಬದಲಾಗಿರುವುದರಿಂದ ಅದೇ ಫಾರ್ಮ್ 401, ಅದೇ 15 ಡಾಲರ್. ಅಂಚೆ ಇಲಾಖೆಗೆ ವಿಳಾಸ ಬದಲಾವಣೆ ತಿಳಿಸಿದ್ದರೂ ಅದು ಪತ್ರಗಳಿಗೆ ಮಾತ್ರ ಅನ್ವಯಿಸುತ್ತದೆ. ಖುದ್ದಾಗಿ ಸಮನ್ಸ್ ತರುವವರು ಪ್ಲೇನೊದ ಮನೆಗೇ ಹೋಗುತ್ತಾರೆ. ಇನ್ನೊಂದು ಮಾತು, ಇದು ಮೂವರಿಗೂ ಸೇರಿದ್ದು: ಬದಲಾವಣೆ ದಾಖಲಾದ ಮೇಲೆ, ಸರ್ಕಾರದ್ದೆಂದೇ ತೋರುವ ಲಕೋಟೆಗಳಲ್ಲಿ ‘ಪ್ರಮಾಣಪತ್ರ ಶುಲ್ಕ’ವೆಂದು ನೂರಾರು ಡಾಲರ್ ಕೇಳುವ ಖಾಸಗಿಯವರ ಪತ್ರಗಳು ಬರಬಹುದು. ಅವುಗಳಿಗೆ ಹಣ ಕಟ್ಟುವ ಮೊದಲು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಅಧಿಕೃತ ಜಾಲತಾಣದಲ್ಲಿ ಅಂತಹ ಶುಲ್ಕ ನಿಜವಾಗಿಯೂ ಇದೆಯೇ ಎಂದು ನೋಡಿ, ಸಂದೇಹವಿದ್ದರೆ ಪತ್ರದ ಚಿತ್ರವನ್ನು ಇಲ್ಲಿ ಹಾಕಿ.