ಸಹಾಯ ಬೇಕು: ಬ್ಯಾಂಕಿನಿಂದ ಮನೆ ಸ್ವಾಧೀನದ ನೋಟಿಸ್ ಬಂದಿದೆ, ಮೊದಲು ಎಲ್ಲಿಗೆ ಹೋಗಬೇಕು?

ತಂದೆಯವರ ಗೃಹಸಾಲದ ಕಂತುಗಳು ಬಾಕಿ ಉಳಿದಿದ್ದರಿಂದ ಬ್ಯಾಂಕಿನವರು 2002ರ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಳ್ಳಲು ಅವಕಾಶ ಕೊಡುವ ಕಾನೂನು) ಕಲಂ 13(2)ರಡಿ 60 ದಿನಗಳ ನೋಟಿಸ್ ಕೊಟ್ಟಿದ್ದರು. ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ, ದಂಡವನ್ನು ಅಸಲಿಗೇ ಸೇರಿಸಿ ಅದರ ಮೇಲೂ ಬಡ್ಡಿ ಹಾಕುತ್ತಾ ಬಂದಿದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರಿಂದ ಇದಕ್ಕೆ ಅವಕಾಶವೇ ಇಲ್ಲ. ಈ ಆಕ್ಷೇಪಣೆಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳುಹಿಸಿದೆವು. 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಬೇಕಾದವರು ಅದನ್ನು ಕೊಡದೆ, ಬೀದಿಯವರೆಲ್ಲ ಓದುವಂತೆ ಮುಂಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿ ಹೋಗಿದ್ದಾರೆ. (ಸಾಲ ತೀರಿಸುವುದಿಲ್ಲ ಎಂಬ ವಾದ ನಮ್ಮದಲ್ಲ, ಲೆಕ್ಕ ಸರಿಯಿರಲಿ ಎಂಬುದಷ್ಟೇ.)

ಕಲಂ 17ರಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನಗಳ ಗಡುವಿದೆ. ಆದರೆ ಅಲ್ಲಿ ಪ್ರಕರಣವಿದ್ದರೆ ಅದೇ ವಿಷಯದ ದೂರನ್ನು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಬ್ಯಾಂಕ್ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಸ್ವೀಕರಿಸುವುದಿಲ್ಲವಾದ್ದರಿಂದ ಗೊಂದಲವಾಗಿದೆ. ದಂಡದ ಲೆಕ್ಕದ ತಕರಾರನ್ನೂ ನ್ಯಾಯಮಂಡಳಿಯ ಅರ್ಜಿಯಲ್ಲೇ ಸೇರಿಸಿ ತಡೆಯಾಜ್ಞೆ ಕೇಳಬಹುದೇ, ಇಲ್ಲವೇ ಮೊದಲು ಓಂಬುಡ್ಸ್‌ಮನ್‌ಗೆ ದೂರು ಕೊಡಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.