ಬೇಕೆಂದೇ ಕಾಡಿಗೆ ಇಡುವ ಬೆಂಕಿಗೆ ಏನನ್ನೋಣ?

ನಮಸ್ಕಾರ. ನನ್ನ ಅಕ್ಕನ ಮಗಳು ಆಸ್ಟ್ರೇಲಿಯಾದಲ್ಲಿ ಬುಷ್‌ಫೈರ್ ಬಗ್ಗೆ ಸಂಶೋಧನೆ ಮಾಡಿ, ಈಗ ಅಲ್ಲೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ಬರುವ ತಿಂಗಳು ಊರಿಗೆ ಬರುತ್ತಿದ್ದಾಳೆ. ಗಂಗಾವತಿಯಲ್ಲಿ ಅವಳು ಓದಿದ ಶಾಲೆಯವರು ಸನ್ಮಾನ ಇಟ್ಟುಕೊಂಡಿದ್ದಾರೆ, ಕನ್ನಡದಲ್ಲಿ ಒಂದು ಪುಟ ಪರಿಚಯ ಬರೆದುಕೊಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಮೂರನೇ ಸಾಲಿಗೇ ಸಿಕ್ಕಿಕೊಂಡೆ. ಅಕ್ಕನಿಗೆ ಫೋನ್ ಮಾಡಿದರೆ, ‘ಮಗಳು ಏನು ಓದ್ಯಾಳ ಅಂತ ಮಂದಿ ಕೇಳಿದ್ರ ಕಾಡಿಗೆ ಬೆಂಕಿ ಹಚ್ಚೋದು ಓದ್ಯಾಳ ಅನ್ಲೇನು?’ ಎಂದು ನಕ್ಕಳು. ಅವಳು ನಕ್ಕದ್ದರಲ್ಲೇ ನನ್ನ ಪ್ರಶ್ನೆ ಇದೆ.

ಬುಷ್‌ಫೈರ್‌ಗೆ ಕಾಡ್ಗಿಚ್ಚು ಎಂದೇ ಬರೆದಿದ್ದೇನೆ. ಅಲ್ಲಿಯವರ ‘ಬುಷ್’ ಬರೀ ಪೊದೆಯಲ್ಲ, ನೀಲಗಿರಿ ಜಾತಿಯ ಮರಗಳ ಕಾಡು, ಕುರುಚಲು, ಹುಲ್ಲುಗಾಡು ಎಲ್ಲವೂ ಅದರಲ್ಲಿ ಬರುತ್ತವೆ. ಆದರೂ 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ 173 ಜನರನ್ನು ಬಲಿ ತೆಗೆದುಕೊಂಡದ್ದನ್ನು ಕಾಡ್ಗಿಚ್ಚು ಅನ್ನಲು ಯಾರ ತಕರಾರೂ ಇರಲಾರದು. ದಾವಾನಲ ಕಾವ್ಯಕ್ಕಿರಲಿ.

ತೊಡಕು ಇರುವುದು ಅವಳ ನಿಜವಾದ ಕೆಲಸದಲ್ಲಿ. ಬೇಸಿಗೆಯ ದೊಡ್ಡ ಬೆಂಕಿ ಬರುವ ಮುಂಚೆ, ತಂಪು ಹೊತ್ತಿನಲ್ಲಿ, ಗಾಳಿ ನೋಡಿಕೊಂಡು, ಒಣಗಿದ ಎಲೆ ಕಡ್ಡಿಗಳನ್ನು ಸಣ್ಣ ಉರಿಯಲ್ಲಿ ಸುಟ್ಟುಬಿಡುವುದು. ಇಂಗ್ಲಿಷಿನಲ್ಲಿ ಪ್ರಿಸ್‌ಕ್ರೈಬ್ಡ್ ಬರ್ನಿಂಗ್. ಕನ್ನಡದಲ್ಲಿ ‘ನಿಯಂತ್ರಿತ ದಹನ’ ಎಂದು ಓದಿದ ನೆನಪು. ನನಗಂತೂ ದಹನ ಅಂದ ಕೂಡಲೇ ಸ್ಮಶಾನದ ವಾಸನೆ ಬರುತ್ತದೆ; ಹೋಳಿಯಲ್ಲಿ ಕಾಮನನ್ನು ಬಿಟ್ಟರೆ ನಮ್ಮ ಕಡೆ ದಹನ ಹೆಣಕ್ಕೇ ಮೀಸಲು. ಕ್ರಿಯಾಪದ ಹುಡುಕಿದರೂ ಅದೇ ಗತಿ. ‘ಬೆಂಕಿ ಬಿತ್ತು’ ಅಂದರೆ ಅವಘಡ, ‘ಬೆಂಕಿ ಇಟ್ಟರು’ ಅಂದರೆ ದ್ವೇಷ, ‘ಬೆಂಕಿ ಹಚ್ಚಿದ’ ಅಂದರೆ ಮನೆ ಮುರಿಯುವವ. ಅದೇ ಹಚ್ಚುವುದು ದೀಪಕ್ಕೆ, ಒಲೆಗೆ ಬಂದರೆ ಎಷ್ಟು ಸಂಭಾವಿತ ನೋಡಿ! ಒಳ್ಳೆಯದಕ್ಕೆಂದು ಬಯಲಲ್ಲಿ ಹೊತ್ತಿಸುವ ಬೆಂಕಿಗೆ ಬರಹದ ಕನ್ನಡದಲ್ಲಿ ಜಾಗವೇ ಇಲ್ಲದಂತಿದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಯಲ್ಲಿ ಮಾತ್ರ ಇದಕ್ಕೆ ಪದ ಉಂಟು: ‘ತರಗು ಬೆಂಕಿ’. ಬೇಸಿಗೆ ಏರುವ ಮುಂಚೆಯೇ ತರಗೆಲೆಗೆ ಕೊಡುತ್ತಿದ್ದ ಸಣ್ಣ ಬೆಂಕಿ ಅದು. 1974ರಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು, ನಿಂತ ಮೇಲೆ ಲಂಟಾನ ಕಳೆ ಕಾಡನ್ನು ನುಂಗಿತು ಎನ್ನುವುದು ಸೋಲಿಗರ ಮಾತು. ಏನನ್ನು ಸುಡಬೇಕು, ಎಷ್ಟಕ್ಕೆ ನಿಲ್ಲಬೇಕು ಎರಡೂ ಆ ಪದದಲ್ಲೇ ಇವೆ. ನನಗೆ ಇದೇ ಹಿಡಿಸಿದೆ. ಆದರೆ ಒಂದು ಬೆಟ್ಟದ ಜನರ ಪದವನ್ನು ಎತ್ತಿಕೊಂಡು ಆಸ್ಟ್ರೇಲಿಯಾದ ಹುಲ್ಲುಗಾಡಿಗೂ ಅಂಟಿಸಬಹುದೇ?

ಎರಡನೆಯ ಜೋಡಿ ಇನ್ನೂ ಕಷ್ಟದ್ದು. ಅವಳ ಪ್ರಬಂಧದಲ್ಲಿ ಇಂಟೆನ್ಸಿಟಿ ಬೇರೆ, ಸಿವಿಯಾರಿಟಿ ಬೇರೆ. ನಾನು ಎರಡಕ್ಕೂ ‘ತೀವ್ರತೆ’ ಎಂದು ಬರೆದು ಕಳಿಸಿದ್ದೆ, ಕೆಂಪು ಗೆರೆ ಎಳೆದು ವಾಪಸ್ ಕಳಿಸಿದಳು. ಮೊದಲನೆಯದು ಬೆಂಕಿ ಹೊರಸೂಸುವ ಶಕ್ತಿ, ಉರಿಯ ಅಂಚಿನ ಒಂದೊಂದು ಮೀಟರಿಗೆ ಇಷ್ಟು ಕಿಲೋವಾಟ್ ಎಂದು ಲೆಕ್ಕ. ಎರಡನೆಯದು ಬೆಂಕಿ ಹೋದ ಮೇಲೆ ಮಣ್ಣಿಗೆ, ಗಿಡಕ್ಕೆ ಆದದ್ದು. ಕಾರಟಗಿ ಕಡೆ ನೆಲ್ಲು ಕೊಯ್ದ ಮೇಲೆ ಕೂಳೆಗೆ ಬೆಂಕಿ ಇಟ್ಟದ್ದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಗಾಳಿಗೆ ಉರಿ ಆಳೆತ್ತರ ಎದ್ದು ಗದ್ದೆ ದಾಟಿ ಹೋಗುತ್ತದೆ, ಹಿಂದೆಯೇ ಕರಿ ನೆಲದ ಮೇಲೆ ಕೊಕ್ಕರೆಗಳು ಇಳಿಯುತ್ತವೆ. ಬದುವಿನ ಮೇಲಿನ ಹಳೇ ಜಾಲಿ ಬೊಡ್ಡೆ ಮಾತ್ರ ಉರಿಯದೆ, ಆರದೆ, ಇಡೀ ರಾತ್ರಿ ಒಳಗೊಳಗೇ ಕನಲುತ್ತದೆ. ಅದರ ಬುಡದಲ್ಲಿ ಆ ವರ್ಷ ಗರಿಕೆಯೂ ಹುಟ್ಟುವುದಿಲ್ಲ. ಅದಕ್ಕೇ ‘ಉರಿಯ ಬಿರುಸು’, ‘ಸುಟ್ಟ ಪೆಟ್ಟು’ ಎಂದು ತಿದ್ದಿದೆ. ಪೆಟ್ಟು ತುಸು ಒರಟಾಯಿತೇನೋ.

ಫೈರ್‌ಲೈನ್‌ಗೆ ಪತ್ರಿಕೆಗಳ ‘ಬೆಂಕಿ ರೇಖೆ’ಯನ್ನೇ ಇಟ್ಟುಕೊಂಡೆ. ಬೆಂಕಿ ಇಲ್ಲದಿರಲಿ ಅಂತ ಬೋಳು ಮಾಡಿದ ಪಟ್ಟಿಗೆ ಬೆಂಕಿ ರೇಖೆ ಎಂಬ ಹೆಸರು, ಇರಲಿ.

ಕೊನೆಯದು ಫೈರ್ ರಿಜೀಮ್. ಆಸ್ಟ್ರೇಲಿಯಾದ ವಿಜ್ಞಾನಿ ಮಾಲ್ಕಂ ಗಿಲ್ 1975ರಲ್ಲಿ ಬರೆದ ವಿವರಣೆಯಿಂದ ಈ ವಿಷಯದಲ್ಲಿ ಇದು ನೆಲೆ ನಿಂತ ಮಾತಂತೆ: ಒಂದು ಜಾಗಕ್ಕೆ ಬೆಂಕಿ ಎಷ್ಟು ವರ್ಷಕ್ಕೊಮ್ಮೆ, ಯಾವ ಕಾಲದಲ್ಲಿ, ಎಷ್ಟು ಬಿರುಸಾಗಿ, ನೆಲದ ಮೇಲೋ ಒಳಗೋ ಬರುತ್ತದೆ ಎಂಬುದೆಲ್ಲ ಸೇರಿ. ‘ಬೆಂಕಿ ಆಡಳಿತ’ ಎಂದರೆ ಅಗ್ನಿಶಾಮಕ ಠಾಣೆ ಅಂದುಕೊಂಡಾರು. ಎಡದಂಡೆ ಕಾಲುವೆ ನೀರಿಗೆ ಇರುವ ಹಾಗೆ ‘ಬೆಂಕಿಯ ಪಾಳಿ’ ಎನ್ನಲೇ? ಎಷ್ಟು ಸಲ, ಯಾವಾಗ ಎಂಬುದು ಅದರಲ್ಲಿ ಬರುತ್ತದೆ, ಬಿರುಸು ಬರುವುದಿಲ್ಲ. ‘ವರಸೆ’ ಎಂದರೆ ಕುಸ್ತಿ ನೆನಪಾಗುತ್ತದೆ.

ಶುಕ್ರವಾರ ಅಚ್ಚಿಗೆ ಕೊಡಬೇಕು. ಸದ್ಯಕ್ಕೆ ತರಗು ಬೆಂಕಿ, ಪಾಳಿ ಎರಡನ್ನೂ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಸಂಡೂರು ಗುಡ್ಡದ ಕಡೆ ದನ, ಕುರಿ ಕಾಯುವವರ ಬಾಯಲ್ಲಿ ಇದಕ್ಕೆ ಪದ ಕೇಳಿದವರಿದ್ದರೆ ದಯವಿಟ್ಟು ಬೇಗ ತಿಳಿಸಿ.